ಮುಖದ ಕೆಂಪು, ಮುಲಾಮಿನ ಮೋಸ

ಕಳೆದ ವರ್ಷದ ಬೇಸಿಗೆಯಲ್ಲಿ ಮದುವೆಯೊಂದರ ನಿಮಿತ್ತ ಹುಟ್ಟೂರು ಸದಲಗಾಕ್ಕೆ ಹೋಗಿದ್ದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ, ದೂಧಗಂಗಾ ನದಿಯ ದಂಡೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತಿರುವ ಪಟ್ಟಣವಿದು. ಹೊರಗಿನವರಿಗೆ ಇದು ಜೈನ ಆಚಾರ್ಯ ವಿದ್ಯಾಸಾಗರ ಮಹಾರಾಜರ ಜನ್ಮಸ್ಥಳವೆಂದು ಪರಿಚಿತ. ನಮಗಾದರೋ ಕಬ್ಬಿನ ಗದ್ದೆ, ನದಿಯ ಮಹಾಪೂರ, ಕನ್ನಡ ಮತ್ತು ಮರಾಠಿಗಳೆರಡೂ ಒಂದೇ ಪಡಸಾಲೆಯಲ್ಲಿ ಕುಳಿತು ಹರಟುವ ಊರು.

ಮದುವೆಯ ಮನೆ ಗಿಜಿಗುಡುತ್ತಿತ್ತು. ದೂರದ ಸಂಬಂಧದಲ್ಲಿ ನನಗೆ ತಂಗಿಯಾಗಬೇಕಾದ, ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಮಾತ್ರ ಹಂದರಕ್ಕೆ ಬಾರದೆ ಒಳಮನೆಯ ಮೂಲೆಯಲ್ಲಿ ಸೆರಗನ್ನು ಮೋರೆಗೆ ಮರೆಮಾಡಿಕೊಂಡು ಕುಳಿತಿದ್ದಳು. ಕಾರಣ ಕೇಳಿದೆ. 'ಮುಖ ತೋರಿಸಾಕ ನಾಚಿಕಿ ಆಗತೈತಿ ಅಣ್ಣಾ' ಎಂದಳು. ಕೆನ್ನೆ, ಮೂಗು, ಗದ್ದಗಳ ಮೇಲೆ ಕಂದುಗೆಂಪು ಛಾಯೆ. ಅದರ ನಡುವೆ ಮೊಡವೆಯಂತಹ ಸಣ್ಣ ಗುಳ್ಳೆಗಳು. ಚರ್ಮ ಎಷ್ಟು ತೆಳುವಾಗಿತ್ತೆಂದರೆ ಕೆಳಗಿನ ನವಿರಾದ ರಕ್ತನಾಳಗಳು ದಾರದ ಎಳೆಗಳಂತೆ ಎದ್ದು ಕಾಣುತ್ತಿದ್ದವು. ಮೂರು ವರ್ಷಗಳಿಂದ ತಿಂಗಳಿಗೊಂದರಂತೆ ಕೊಂಡು ಹಚ್ಚುತ್ತಿದ್ದ ಮುಲಾಮಿನ ಟ್ಯೂಬನ್ನು ತಂದು ತೋರಿಸಿದಳು. ಅದನ್ನು ಹೇಳಿದವರು ನಾದಿನಿ. ನಾದಿನಿಗೆ ಹೇಳಿದವನು ಅಂಗಡಿಯವನು. ವೈದ್ಯರ ಚೀಟಿ ಎಲ್ಲಿಯೂ ಇರಲಿಲ್ಲ. 'ಹಚ್ಚಿದ್ರ ತಣ್ಣಗಾಗತೈತಿ, ಬಿಟ್ರ ಬೆಂಕಿ' ಎಂಬುದು ಆಕೆ ಕೊಟ್ಟ ವಿವರಣೆ.

ಆ ಬೆಂಕಿಯ ಪರಿಚಯ ನನಗೂ ಇತ್ತು. ಅದರಿಂದಾಗಿಯೇ ಈ ಲೇಖನ ಬರೆಯುವ ಧೈರ್ಯ ಮಾಡಿದ್ದೇನೆ. ನಾನು ವೈದ್ಯನಲ್ಲ; ಅರ್ಥಶಾಸ್ತ್ರ ಓದಿ, ಬದುಕಿನ ಬಹುಪಾಲನ್ನು ಕಡತಗಳ ನಡುವೆ ಕಳೆದವನು. ಆದರೆ ಈ ಕಾಯಿಲೆಯ ಜೊತೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಸಂಸಾರ ಮಾಡಿದ್ದೇನೆ.

2009ರಲ್ಲಿ, ಐವತ್ತರ ಹೊಸ್ತಿಲಲ್ಲಿದ್ದಾಗ, ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಸಭೆಗಳಲ್ಲಿ ಮಾತು ಬಿಸಿಯಾದಾಗ ಮುಖ ಇದ್ದಕ್ಕಿದ್ದಂತೆ ಕಾವೇರುತ್ತಿತ್ತು. ಮೊದಮೊದಲು ಅರ್ಧ ಗಂಟೆಯಲ್ಲಿ ಇಳಿಯುತ್ತಿದ್ದ ಕೆಂಪು ಕ್ರಮೇಣ ಮೂಗಿನ ಮೇಲೆ ಖಾಯಂ ಠಾಣೆ ಹೂಡಿತು. ಕೆಲವು ತಿಂಗಳಲ್ಲಿ ನನ್ನ ಮೇಲಧಿಕಾರಿಗಳಿಗೆ ಒಂದು ಅನಾಮಧೇಯ ಅರ್ಜಿ ಬಂತು: ಸಾಹೇಬರು ಹಗಲಿನಲ್ಲೇ ಕುಡಿದು ಕಚೇರಿಗೆ ಬರುತ್ತಾರೆ, ಸಾಕ್ಷಿ ಬೇಕಿದ್ದರೆ ಅವರ ಮೂಗನ್ನು ನೋಡಬಹುದು. ಮದ್ಯ ಹೊಸ್ತಿಲು ದಾಟಿ ಬಾರದ ಮನೆತನದವನು ನಾನು. ಮೇಲಧಿಕಾರಿಗಳು ಅದನ್ನು ಓದಿ ನಕ್ಕು ಬದಿಗಿಟ್ಟರು. ಆದರೆ ಕೊಠಡಿಯಿಂದ ಹೊರಡುವಾಗ 'ಆರೋಗ್ಯ ಸರಿ ಇದೆಯಷ್ಟೆ?' ಎಂದು ಕೇಳಿದರು. ಆ ಪ್ರಶ್ನೆ ಅರ್ಜಿಗಿಂತ ಹೆಚ್ಚು ನೋಯಿಸಿತು. ಅಂದಿನಿಂದ ಸಭೆಗಳಲ್ಲಿ ಹಿಂದಿನ ಸಾಲಿನ ಕುರ್ಚಿ ಹುಡುಕತೊಡಗಿದೆ. ಮುಖ ನೋಡಿ ಮಣೆ ಹಾಕುವುದು ನಮ್ಮ ಗಾದೆ ಮಾತ್ರವಲ್ಲ, ನಮ್ಮ ರೂಢಿಯೂ ಹೌದು.

ಎರಡು ವರ್ಷ ನಾನು ಮಾಡದ ಉಪಾಯವಿಲ್ಲ. ಮೊಡವೆಯ ಸೋಪು, ನಿಂಬೆರಸ, ಅರಿಶಿನದ ಲೇಪ, ಪಿತ್ತಶಮನಕ್ಕೆಂದು ಕಷಾಯ ಎಲ್ಲವೂ ಆದವು. ಮೂಗು ಮತ್ತಷ್ಟು ಕೆಂಪಾಯಿತು. ಕೊನೆಗೆ ಬೆಳಗಾವಿಯಲ್ಲಿ ಚರ್ಮರೋಗ ತಜ್ಞರೊಬ್ಬರು ಕೆನ್ನೆಯ ಮೇಲೆ ಗಾಜಿನ ಪಟ್ಟಿಯನ್ನೊತ್ತಿ ನೋಡಿ, ಹತ್ತಾರು ಪ್ರಶ್ನೆ ಕೇಳಿ, ಕಾಯಿಲೆಗೆ ಒಂದು ಹೆಸರು ಕೊಟ್ಟರು: ರೊಸೇಷಿಯಾ. 'ಇದು ಪೂರ್ತಿ ಹೋಗುವುದಿಲ್ಲ, ಆದರೆ ಹಿಡಿತದಲ್ಲಿಡಬಹುದು' ಎಂದರು. ಆ ವಾಕ್ಯದ ಮೊದಲರ್ಧ ಕೇಳಿ ಅಂದೇ ಕುಸಿದೆ. ಎರಡನೆಯ ಅರ್ಧದ ಬೆಲೆ ತಿಳಿಯಲು ವರ್ಷಗಳೇ ಬೇಕಾದವು.

ಹೆಸರಿಲ್ಲದ ಕಾಯಿಲೆ

ಕನ್ನಡದಲ್ಲಿ ಈ ಕಾಯಿಲೆಗೆ ಬಳಕೆಯ ಹೆಸರಿಲ್ಲ. ಕಪ್ಪು ಮಚ್ಚೆಗೆ ಬಂಗು ಎನ್ನುತ್ತೇವೆ, ಹರೆಯದ ಗುಳ್ಳೆಗೆ ಮೊಡವೆ ಎನ್ನುತ್ತೇವೆ. ಮಧ್ಯವಯಸ್ಸಿನಲ್ಲಿ ಮುಖ ಕೆಂಪೇರಿ ಉರಿದರೆ ನಮ್ಮ ಭಾಗದಲ್ಲಿ ಉಷ್ಣ ಆಗಿದೆ, ಪಿತ್ತ ಎದ್ದಿದೆ, ದೃಷ್ಟಿ ತಗುಲಿದೆ ಎಂದು ಮೂರರಲ್ಲೊಂದನ್ನು ಹೇಳಿ ಮುಗಿಸುತ್ತೇವೆ. ಹೆಸರಿಲ್ಲದ ಕಾಯಿಲೆಗೆ ಯಾರು ಬೇಕಾದರೂ ಮದ್ದು ಹೇಳಬಹುದೆಂಬುದೇ ಅದರ ಅಪಾಯ.

ರೊಸೇಷಿಯಾ ಮುಖದ ಮಧ್ಯಭಾಗವನ್ನು, ಅಂದರೆ ಕೆನ್ನೆ, ಮೂಗು, ಗದ್ದ, ಹಣೆಯ ನಡುವನ್ನು ಹಿಡಿಯುವ ದೀರ್ಘಕಾಲದ ಉರಿಯೂತ. ಇದು ಅಂಟುರೋಗವಲ್ಲ, ಕೊಳಕಿನಿಂದ ಬರುವಂಥದ್ದೂ ಅಲ್ಲ. ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಮೊದಲು ಆಗಾಗ ಮುಖ ಕಾವೇರುವುದು. ನಂತರ ಕೆಂಪು ಉಳಿದುಬಿಡುವುದು. ಕೆಲವರಲ್ಲಿ ಗುಳ್ಳೆ, ಕೀವುಗುಳ್ಳೆ. ಇನ್ನು ಕೆಲವರಲ್ಲಿ ಹಿಗ್ಗಿದ ರಕ್ತನಾಳಗಳು. ಈ ಎಲ್ಲ ಲಕ್ಷಣಗಳೂ ಎಲ್ಲರಿಗೂ ಬರಬೇಕೆಂದಿಲ್ಲ, ಇದೇ ಕ್ರಮದಲ್ಲಿ ಬರಬೇಕೆಂದೂ ಇಲ್ಲ. ಮೊಡವೆಗೂ ಇದಕ್ಕೂ ಒಂದು ಸರಳ ಭೇದವುಂಟು: ಮೊಡವೆಯಲ್ಲಿ ರಂಧ್ರ ಮುಚ್ಚಿದ ಕಪ್ಪು ತಲೆಯ ಚುಕ್ಕೆಗಳಿರುತ್ತವೆ, ರೊಸೇಷಿಯಾದಲ್ಲಿ ಇರುವುದಿಲ್ಲ. ರೋಗಿಗಳಲ್ಲಿ ಹೆಂಗಸರು ಹೆಚ್ಚಾಗಿ ಕಂಡುಬರುತ್ತಾರಾದರೂ ಮೂಗಿನ ಚರ್ಮ ದಪ್ಪಗಾಗಿ ಗಂಟುಗಂಟಾಗುವ ಸ್ಥಿತಿ ಬಹುತೇಕ ಗಂಡಸರ ಪಾಲಿನದು. ಕಣ್ಣಿಗೂ ಇದು ಇಳಿಯುತ್ತದೆ. ಮರಳು ಬಿದ್ದಂತಹ ಕಿರಿಕಿರಿ, ರೆಪ್ಪೆಯಂಚಿನ ಉರಿ, ಮತ್ತೆ ಮತ್ತೆ ಏಳುವ ಕಣ್ಣುಗುಳ್ಳೆ ಇವು ಅದರ ಲಕ್ಷಣಗಳು. ಅಲಕ್ಷಿಸಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೇ ಧಕ್ಕೆಯಾಗಬಹುದು. ಕಬ್ಬಿನ ರವದಿಯ ಧೂಳಿನಲ್ಲಿ ದುಡಿಯುವ ನಮ್ಮೂರಿನವರು ಇಂತಹ ಕಣ್ಣುರಿಯನ್ನು ಧೂಳಿನ ಖಾತೆಗೆ ಬರೆದು ಸುಮ್ಮನಾಗುತ್ತಾರೆ.

ಕಾರಣವೇನು? ಒಂದೇ ಕಾರಣವನ್ನು ವಿಜ್ಞಾನ ಇನ್ನೂ ಹೇಳಿಲ್ಲ. ಹಲವು ಎಳೆಗಳನ್ನು ಗುರುತಿಸಿದೆ. ವಂಶವಾಹಿಯ ಪಾತ್ರವಿದೆ. ನಮ್ಮ ಚರ್ಮಕ್ಕೆ ಹುಟ್ಟಿನಿಂದಲೇ ಬಂದ ರಕ್ಷಣಾ ವ್ಯವಸ್ಥೆಯೊಂದಿದೆ. ರೊಸೇಷಿಯಾ ಇರುವವರಲ್ಲಿ ಅದು ಅತಿ ಉತ್ಸಾಹ ತೋರುತ್ತದೆ. ಸೂಕ್ಷ್ಮಾಣುಗಳನ್ನು ಎದುರಿಸಲು ಚರ್ಮ ತಯಾರಿಸುವ ಕ್ಯಾಥೆಲಿಸಿಡಿನ್ ಎಂಬ ಪದಾರ್ಥ ಇಂಥವರಲ್ಲಿ ಹೆಚ್ಚಾಗಿದ್ದು ಅಸಹಜ ರೂಪದಲ್ಲಿರುವುದನ್ನು ಅಮೆರಿಕದ ಸಂಶೋಧಕರು 2007ರಲ್ಲಿ ತೋರಿಸಿದರು. ಎಲ್ಲರ ಮುಖದ ಮೇಲೂ ವಾಸಿಸುವ, ಕಣ್ಣಿಗೆ ಕಾಣದ ಡೆಮೊಡೆಕ್ಸ್ ಎಂಬ ನುಸಿ ಇವರ ಚರ್ಮದಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುತ್ತದೆ. ಮುಖದ ನರಗಳೂ ರಕ್ತನಾಳಗಳೂ ಸಣ್ಣ ಪ್ರಚೋದನೆಗೆ ದೊಡ್ಡ ಪ್ರತಿಕ್ರಿಯೆ ಕೊಡುತ್ತವೆ. ಬಿಸಿಲು, ಶಾಖ, ಬಿಸಿ ಪೇಯ, ಖಾರ, ಮದ್ಯ, ಮನಸ್ಸಿನ ಕ್ಷೋಭೆ ಇವೆಲ್ಲ ಬೆಂಕಿಗೆ ಸುರಿಯುವ ಎಣ್ಣೆ. ಬೆಂಕಿ ಮೊದಲೇ ಒಳಗಿರುತ್ತದೆ.

ಮದ್ಯದ ಅಪವಾದ ಮಾತ್ರ ಶತಮಾನಗಳಿಂದ ಇದಕ್ಕೆ ಅಂಟಿಕೊಂಡಿದೆ. ಹದಿನಾಲ್ಕನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಗೀ ದ ಶೋಲಿಯಾಕನ ಕಾಲಕ್ಕೇ ಯುರೋಪಿನ ವೈದ್ಯರು ಮುಖದ ಈ ಕೆಂಪನ್ನು ವರ್ಣಿಸಿದ್ದರು. ಕುಡಿತ ಕೆಲವರಲ್ಲಿ ಮುಖವನ್ನು ಕೆರಳಿಸುತ್ತದೆ ಎಂಬುದು ನಿಜ. ಆದರೆ ಜೀವಮಾನದಲ್ಲಿ ಒಂದು ಹನಿ ಮುಟ್ಟದವರಿಗೂ ರೊಸೇಷಿಯಾ ಬರುತ್ತದೆ, ಮೂಗೂ ದಪ್ಪವಾಗುತ್ತದೆ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಇಟಲಿಯ ಘಿರ್ಲಾಂಡಾಯೊ 1490ರ ಸುಮಾರಿಗೆ ಬರೆದ ಚಿತ್ರವೊಂದಿದೆ. ಗಂಟುಗಟ್ಟಿದ ದಪ್ಪ ಮೂಗಿನ ಮುದುಕ, ಆತನ ತೆಕ್ಕೆಯಲ್ಲಿ ಪುಟ್ಟ ಮೊಮ್ಮಗ. ಆ ಮೂಗು ಈ ಕಾಯಿಲೆಯದೇ ಎಂದು ವೈದ್ಯರು ಗುರುತಿಸುತ್ತಾರೆ. ಮಗುವಾದರೋ ಮೂಗನ್ನು ಗಮನಿಸಿದಂತಿಲ್ಲ. ಅಜ್ಜನ ಕಣ್ಣನ್ನು ನೋಡುತ್ತಿದೆ. ಆ ಚಿತ್ರದ ಪ್ರತಿಯನ್ನು ಮೊದಲ ಸಲ ಕಂಡಾಗ ನನಗೆ ಅನಾಮಧೇಯ ಅರ್ಜಿಯ ನೆನಪಾಯಿತು.

ಕಾಣದ ಕೆಂಪು

ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ವಯಸ್ಕರಲ್ಲಿ ನೂರಕ್ಕೆ ಐವರಿಗಿಂತ ತುಸು ಹೆಚ್ಚು ಜನರಿಗೆ ರೊಸೇಷಿಯಾ ಇದೆ ಎಂದು ಅಂದಾಜಿಸಿತು. ಹಾಗಿದ್ದೂ ಇದು 'ಬಿಳಿಯರ ಕಾಯಿಲೆ' ಎಂಬ ನಂಬಿಕೆ ವೈದ್ಯ ವಲಯದಲ್ಲೂ ಬಹುಕಾಲ ಉಳಿದಿತ್ತು. ತೆಳುಬಿಳಿ ಚರ್ಮದವರಲ್ಲಿ ಹೆಚ್ಚೆಂಬುದು ನಿಜವೇ. ಆದರೆ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದಲ್ಲಿ ಕೆಂಪು ಕಾಣುವುದೇ ಕಷ್ಟ. ಅಲ್ಲಿ ಅದು ಕಂದಾಗಿಯೋ ನೇರಳೆಯಾಗಿಯೋ ತೋರುತ್ತದೆ. ಪಠ್ಯಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿ ಮುಖಗಳವು. ಅವುಗಳಲ್ಲಿ ಕಂಡ ಗುಲಾಬಿ ಬಣ್ಣವನ್ನು ನಮ್ಮ ರೈತ ಮಹಿಳೆಯ ಬಿಸಿಲುಂಡ ಕೆನ್ನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಣದ್ದನ್ನು ಎಣಿಸಲಾಗದು, ಎಣಿಸದ್ದನ್ನು ಇಲ್ಲವೆಂದು ತಿಳಿಯುವುದು ಆಡಳಿತದಲ್ಲಿ ನಾನು ಪದೇ ಪದೇ ಕಂಡ ತಪ್ಪು.

ಹೀಗಾಗಿ ನಮ್ಮಂಥವರಲ್ಲಿ ಬಣ್ಣಕ್ಕಿಂತ ರೋಗಿಯ ಮಾತನ್ನು ಹೆಚ್ಚು ನಂಬಬೇಕೆಂದು ತಜ್ಞರು ಹೇಳುತ್ತಾರೆ. ಮುಖ ಕಾವೇರುವುದೇ, ನೀರು ತಾಗಿದರೂ ಚುರುಗುಟ್ಟುವುದೇ, ಯಾವ ಕ್ರೀಮು ಹಚ್ಚಿದರೂ ಉರಿಯುವುದೇ, ಕಣ್ಣು ಒಣಗುವುದೇ ಎಂದು ಕೇಳಬೇಕು. ನಮ್ಮ ಹೆಂಗಸರ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ನಲವತ್ತೈದು ದಾಟಿದವಳು ಮುಖ ಬಿಸಿಯಾಗುತ್ತದೆ ಎಂದರೆ ಮುಟ್ಟು ನಿಲ್ಲುವ ಕಾಲವೆಂದು ಹೇಳಿ ಮನೆಗೆ ಕಳಿಸುತ್ತೇವೆ. ಅದೂ ಇರಬಹುದು, ಇದೂ ಇರಬಹುದು, ಎರಡೂ ಕೂಡಿರಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಮುಖ ಕಾವೇರಿಸುತ್ತವೆ. ಅದನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ಮಾತ್ರೆಯನ್ನು ತಾವಾಗಿಯೇ ಬಿಡಬಾರದು.

ಮುಖದ ಕೆಂಪೆಲ್ಲ ರೊಸೇಷಿಯಾ ಎಂದೂ ತಿಳಿಯಬಾರದು. ಲ್ಯೂಪಸ್ ಎಂಬ ಕಾಯಿಲೆಯಲ್ಲೂ ಕೆನ್ನೆಗಳು ಚಿಟ್ಟೆಯ ರೆಕ್ಕೆಯಂತೆ ಕೆಂಪಾಗುತ್ತವೆ. ಜೊತೆಗೆ ಕೀಲುನೋವು, ಬಾಯಿಹುಣ್ಣು, ಆಯಾಸಗಳಿದ್ದರೆ ರಕ್ತ ಪರೀಕ್ಷೆ ಆಗಲೇಬೇಕು. ಹಳ್ಳಿಗಳಲ್ಲಿ ದಪ್ಪಗಾದ ಕೆಂಪು ಮುಖ ಕಂಡೊಡನೆ ಪಿಸುಮಾತಿನಲ್ಲಿ ಕೇಳಿಬರುವ ಶಬ್ದ ಕುಷ್ಠ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದುತ್ತದೆ. ರೊಸೇಷಿಯಾದಲ್ಲಿ ಅದು ಅತಿಯಾಗುತ್ತದೆ. ಕುಷ್ಠವೂ ಇಂದು ಉಚಿತ ಔಷಧದಿಂದ ಗುಣವಾಗುವ ರೋಗ. ಅದನ್ನು ವಿಚ್ಛೇದನಕ್ಕೆ ಆಧಾರವಾಗಿಸಿದ್ದ ಅಂಶಗಳನ್ನು ಸಂಸತ್ತು ಕಾನೂನಿನಿಂದ ತೆಗೆದುಹಾಕಿದ್ದು 2019ರಲ್ಲಿ ಮಾತ್ರ. ಚರ್ಮದ ಮೇಲೆ ಕಂಡದ್ದನ್ನು ನಡತೆಯ ಮೇಲೆ, ಮನೆತನದ ಮೇಲೆ ಹೇರುವ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಲಾಮಿನ ಅರ್ಥಶಾಸ್ತ್ರ

ಮತ್ತೆ ಸದಲಗಾದ ಆ ಟ್ಯೂಬಿಗೆ ಬರೋಣ. ಅದರಲ್ಲಿದ್ದದ್ದು ಪ್ರಬಲ ಸ್ಟಿರಾಯ್ಡ್, ಜೊತೆಗೆ ಚರ್ಮದ ಬಣ್ಣ ತಿಳಿಯಾಗಿಸುವ ರಾಸಾಯನಿಕ. ಸ್ಟಿರಾಯ್ಡ್ ಒಳ್ಳೆಯ ಔಷಧವೇ. ಸರಿಯಾದ ಕಾಯಿಲೆಗೆ, ಸರಿಯಾದ ಜಾಗಕ್ಕೆ, ಸೀಮಿತ ದಿನಗಳಿಗೆ ವೈದ್ಯರು ಅದನ್ನು ಬರೆಯುತ್ತಾರೆ. ಆದರೆ ಮುಖದ ಚರ್ಮ ತೆಳು. ಮುಂಗೈಯ ಚರ್ಮ ಹೀರುವುದಕ್ಕಿಂತ ಹಣೆಯ ಚರ್ಮ ಸುಮಾರು ಆರು ಪಟ್ಟು, ದವಡೆಯ ಬದಿಯ ಚರ್ಮ ಸುಮಾರು ಹದಿಮೂರು ಪಟ್ಟು ಹೆಚ್ಚು ಸ್ಟಿರಾಯ್ಡ್ ಹೀರುತ್ತದೆ ಎಂಬುದು 1967ರಷ್ಟು ಹಿಂದೆಯೇ ಅಳೆದು ತೋರಿಸಿದ ಸಂಗತಿ. ಹಚ್ಚಿದೊಡನೆ ರಕ್ತನಾಳಗಳು ಸಂಕೋಚಗೊಳ್ಳುತ್ತವೆ, ಕೆಂಪು ಮಾಯವಾಗುತ್ತದೆ, ಮುಖ ಬೆಳ್ಳಗೆ ಹೊಳೆಯುತ್ತದೆ. ವಾರಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ನಾಳಗಳು ಹಿಗ್ಗುತ್ತವೆ, ಗುಳ್ಳೆಗಳೇಳುತ್ತವೆ. ಬಿಟ್ಟರೆ ಮೊದಲಿಗಿಂತ ಹೆಚ್ಚು ಉರಿ. ಉರಿ ತಾಳದೆ ಮತ್ತೆ ಹಚ್ಚುವುದು. ರೊಸೇಷಿಯಾ ಇಲ್ಲದವರಲ್ಲೂ ಇದು ರೊಸೇಷಿಯಾದಂಥದೇ ಚಿತ್ರವನ್ನು ಹುಟ್ಟಿಸುತ್ತದೆ. ಇದ್ದವರಲ್ಲಿ ಅದನ್ನು ಇಮ್ಮಡಿಸುತ್ತದೆ.

ಇದು ಒಬ್ಬಿಬ್ಬರ ಕಥೆಯಲ್ಲ. ದೇಶದ ಹನ್ನೆರಡು ಕೇಂದ್ರಗಳಲ್ಲಿ ಚರ್ಮವೈದ್ಯರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಗಾಗಿ ಬಂದ 2926 ರೋಗಿಗಳ ಪೈಕಿ 433 ಮಂದಿ ಸ್ಟಿರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ ಶೇ 59ರಷ್ಟು ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ಬಳಸಿದವರಲ್ಲಿ ಶೇ 90ರಷ್ಟು ಮಂದಿಗೆ ದುಷ್ಪರಿಣಾಮಗಳು ಕಾಣಿಸಿಕೊಂಡಿದ್ದವು. ಈ ಹಾನಿ ಎಷ್ಟು ವ್ಯಾಪಕವಾಗಿದೆಯೆಂದರೆ, 'ಸ್ಟಿರಾಯ್ಡ್‌ನಿಂದ ಹಾಳಾದ ಮುಖ' ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ಭಾರತದ ಚರ್ಮವೈದ್ಯರು ವೈದ್ಯಕೀಯ ಸಾಹಿತ್ಯಕ್ಕೆ ಸೇರಿಸಬೇಕಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವ ಸಂಗತಿ ಬೇರೆಯೇ. ಸಾಮಾನ್ಯ ಮಾರುಕಟ್ಟೆಯಲ್ಲಿ ಗ್ರಾಹಕ ಒಂದೇ ವಸ್ತುವನ್ನು ಮತ್ತೆ ಮತ್ತೆ ಕೊಂಡರೆ ಅದು ತೃಪ್ತಿಯ ಗುರುತೆಂದು ಓದಿದ್ದೇವೆ. ಇಲ್ಲಿ ಮರುಖರೀದಿಯೇ ಹಾನಿಯ ಗುರುತು. ಚರ್ಮ ಕೆಟ್ಟಷ್ಟೂ ಟ್ಯೂಬು ಬೇಕು. ಟ್ಯೂಬು ಖಾಲಿಯಾದಷ್ಟೂ ಚರ್ಮ ಕೆಡಬೇಕು. ಆರೋಗ್ಯವೆಂಬ ಸರಕಿನಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಇರುವ ತಿಳಿವಳಿಕೆಯ ಅಂತರದಿಂದಾಗಿ ಮಾರುಕಟ್ಟೆ ತನ್ನಷ್ಟಕ್ಕೆ ನ್ಯಾಯ ಒದಗಿಸಲಾರದೆಂದು ಕೆನೆತ್ ಆ್ಯರೋ 1963ರಲ್ಲಿ ವಾದಿಸಿದ್ದರು. ಆ ಪ್ರಬಂಧವನ್ನು ಧಾರವಾಡದಲ್ಲಿ ಎಂ.ಎ. ಓದುವಾಗ ಪರೀಕ್ಷೆಗೆಂದು ಓದಿದ್ದೆ. ಅರ್ಥವಾದದ್ದು ಸದಲಗಾದ ಒಳಮನೆಯಲ್ಲಿ.

ಹಾಗೆಂದು ಆ ಹೆಣ್ಣುಮಗಳನ್ನು ಅವಿವೇಕಿ ಎನ್ನಲಾದೀತೇ? ಆಕೆಯ ಲೆಕ್ಕ ಆಕೆಯ ಮಟ್ಟಿಗೆ ಸರಿಯಾಗಿಯೇ ಇತ್ತು. ಅಂಗಡಿ ಮನೆಯ ಹತ್ತಿರ. ಚರ್ಮವೈದ್ಯರನ್ನು ಕಾಣಲು ಬೆಳಗಾವಿಗೋ ಕೊಲ್ಹಾಪುರಕ್ಕೋ ಹೋಗಬೇಕು. ಅಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬ ಗಂಡಸು, ಶುಲ್ಕ, ನಂತರ ಔಷಧ. ಮೇಲಾಗಿ ವೈದ್ಯರು ಪೂರ್ತಿ ಗುಣವಾಗುವುದಿಲ್ಲ ಎನ್ನುತ್ತಾರೆ, ಟ್ಯೂಬು ಮೂರೇ ದಿನಗಳಲ್ಲಿ ಮುಖವನ್ನು ಬೆಳಗಿಸುತ್ತದೆ. ಕಪ್ಪು ಮುಖಕ್ಕೆ ಮದುವೆಯ ಸಂತೆಯಲ್ಲಿ ಬೆಲೆ ಕಡಿಮೆ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ಯಾವುದನ್ನು ಆರಿಸಿಕೊಂಡಾಳು? ಬಿಳುಪಿನ ಆಸೆಯನ್ನು ಆಕೆಯ ಕೈಗೆ ಕೊಟ್ಟವರು ನಾವೇ. ಅಂಗಡಿ ಅದನ್ನು ಟ್ಯೂಬಿಗೆ ತುಂಬಿತು, ಅಷ್ಟೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಚರ್ಮವೈದ್ಯರ ಸಂಘದ ಸತತ ಒತ್ತಾಯದ ನಂತರ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟಿರಾಯ್ಡ್‌ಗಳ ಮುಲಾಮುಗಳನ್ನು, ವೈದ್ಯರ ಚೀಟಿಯಿಲ್ಲದೆ ಮಾರಬಾರದ 'ಶೆಡ್ಯೂಲ್ ಎಚ್' ಪಟ್ಟಿಯ ಕಟ್ಟುನಿಟ್ಟಿಗೆ ತಂದಿತು. ಆದೇಶ ಹೊರಡಿಸುವುದು ಎಷ್ಟು ಸುಲಭ, ಅದು ಕೊನೆಯ ಅಂಗಡಿಯ ಗಲ್ಲಾಪೆಟ್ಟಿಗೆ ತಲುಪುವುದು ಎಷ್ಟು ಕಷ್ಟ ಎಂಬುದನ್ನು ನಾನು ಒಳಗಿನಿಂದ ಬಲ್ಲೆ. ಆದೇಶ ಬಂದು ವರ್ಷಗಳಾದ ಮೇಲೂ ನನ್ನ ತಂಗಿ ತಿಂಗಳಿಗೊಂದು ಟ್ಯೂಬು ಕೊಳ್ಳುತ್ತಲೇ ಇದ್ದಳು. ಅಂಗಡಿಯವನಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಮುಲಾಮೆಂದರೆ ಮೇಲೆ ಹಚ್ಚುವುದು, ಹೊಟ್ಟೆಗೆ ಹೋಗುವುದಲ್ಲವಲ್ಲ ಎಂಬುದು ಎಲ್ಲರ ಸಮಾಧಾನ.

ಹಿಡಿತದ ದಾರಿ

ಆಕೆಯನ್ನು ಬೆಳಗಾವಿಗೆ ಕರೆದೊಯ್ದೆವು. ಮೂಲದಲ್ಲಿ ರೊಸೇಷಿಯಾ, ಅದರ ಮೇಲೆ ಸ್ಟಿರಾಯ್ಡ್ ಹಾನಿ ಎಂದು ತಜ್ಞರು ತೀರ್ಮಾನಿಸಿದರು. ಮುಲಾಮನ್ನು ಹೇಗೆ ಬಿಡಬೇಕೆಂದು ಕ್ರಮ ಹಾಕಿಕೊಟ್ಟರು. ಇದು ಮುಖ್ಯ: ಬಹುಕಾಲ ಪ್ರಬಲ ಸ್ಟಿರಾಯ್ಡ್ ಹಚ್ಚಿದವರು ಇದನ್ನೋದಿ ಇಂದೇ ಎಸೆಯುವ ಬದಲು ವೈದ್ಯರ ನಿಗಾದಲ್ಲಿ ಬಿಡುವುದು ಕ್ಷೇಮ. ಮೊದಲ ಆರು ವಾರ ಆಕೆ ನರಕ ಕಂಡಳು. ಮುಖ ಊದಿತು, ಉರಿಯಿತು, ಮನೆಯವರೆಲ್ಲ ಮೊದಲಿನದೇ ಚೆನ್ನಾಗಿತ್ತೆಂದರು. ದೂರವಾಣಿಯಲ್ಲಿ ನಾನು ಹೇಳುತ್ತಿದ್ದುದು ಒಂದೇ ಮಾತು, 'ಇನ್ನೊಂದು ವಾರ ತಡಿ'. ನಾಲ್ಕು ತಿಂಗಳಿಗೆ ಉರಿ ಇಳಿಯಿತು. ಹಿಗ್ಗಿದ ನಾಳಗಳು ಇನ್ನೂ ಉಳಿದಿವೆ, ಆಗಾಗ ಗುಳ್ಳೆಗಳೇಳುತ್ತವೆ. ಈ ವರ್ಷ ಮತ್ತೊಂದು ಮದುವೆಗೆ ಮಾತ್ರ ಆಕೆ ಸೆರಗಿನ ಮರೆಯಿಲ್ಲದೆ ಬಂದಿದ್ದಳು.

ರೊಸೇಷಿಯಾಕ್ಕೆ ಈಗ ಒಳ್ಳೆಯ ಔಷಧಗಳಿವೆ. ಗುಳ್ಳೆಗಳಿಗೆ ಮೆಟ್ರೊನಿಡಜೋಲ್, ಅಜೆಲಾಯಿಕ್ ಆಮ್ಲ, ಐವರ್ಮೆಕ್ಟಿನ್ ಲೇಪಗಳು. ಉಲ್ಬಣಿಸಿದಾಗ ಡಾಕ್ಸಿಸೈಕ್ಲಿನ್ ಮಾತ್ರೆ, ಅದು ಗರ್ಭಿಣಿಯರಿಗೆ ಸಲ್ಲದು. ಹಿಗ್ಗಿದ ನಾಳಗಳಿಗೆ ಲೇಸರ್. ದಪ್ಪಗಾದ ಮೂಗಿಗೆ ಶಸ್ತ್ರಚಿಕಿತ್ಸೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಪರಿಣಾಮ ಕಾಣಲು ವಾರಗಳೇ ಬೇಕು. ಕಂಡ ಮೇಲೂ ಪಾಲನೆ ನಿಲ್ಲಬಾರದು. ಸಕ್ಕರೆ ಕಾಯಿಲೆಯನ್ನು, ರಕ್ತದೊತ್ತಡವನ್ನು ಹೀಗೆಯೇ ನಿಭಾಯಿಸಲು ನಾವು ಕಲಿತಿಲ್ಲವೇ? ಮುಖದ ಕಾಯಿಲೆಗೆ ಬಂದಾಗ ಮಾತ್ರ ಎಂಟು ದಿನಗಳ ಗಡುವು ಹಾಕುತ್ತೇವೆ.

ಉಳಿದದ್ದು ಮನೆಯಲ್ಲೇ ಆಗಬೇಕಾದ ಕೆಲಸ. ಬಿಸಿಲಿನಿಂದ ರಕ್ಷಣೆ ಮೊದಲನೆಯದು. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಒಳ್ಳೆಯದು. ಕೊಳ್ಳಲಾಗದವರಿಗೆ ಛತ್ರಿ, ಅಗಲ ಅಂಚಿನ ಟೊಪ್ಪಿಗೆ, ನಮ್ಮ ಭಾಗದ ಪಟಕಾ, ತಲೆಯ ಮೇಲಿನ ಸೆರಗು ಇವೂ ಉಪಯುಕ್ತವೇ. ಸೌಮ್ಯವಾದ ಸೋಪಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಉಜ್ಜದೆ ಒತ್ತಿ ಒರೆಸಬೇಕು. ನಿಂಬೆ, ಟೂತ್‌ಪೇಸ್ಟ್, ಒರಟು ಕಡಲೆಹಿಟ್ಟಿನ ತಿಕ್ಕುವಿಕೆ ಬೇಡ. ಚಿಂಚಲಿ ಮಾಯಕ್ಕನ ಜಾತ್ರೆಯ ಭಂಡಾರವಾಗಲಿ, ರಂಗಪಂಚಮಿಯ ಬಣ್ಣವಾಗಲಿ ಉರಿಯುವ ಮುಖಕ್ಕೆ ಹಿತವಲ್ಲ. ಭಕ್ತಿಗೆ ಹಣೆಯ ಮೇಲೊಂದು ಚಿಟಿಕೆ ಸಾಕು.

ಎರಡನೆಯದು, ತನ್ನನ್ನು ಕೆರಳಿಸುವುದು ಯಾವುದೆಂದು ತಾನೇ ಕಂಡುಕೊಳ್ಳುವುದು. ನಾನು ಕಚೇರಿಯ ಅಭ್ಯಾಸದಂತೆ ಆರು ತಿಂಗಳು ಒಂದು ವಹಿ ಬರೆದಿಟ್ಟೆ. ತಾರೀಖು, ಹವೆ, ಊಟ, ಮನಸ್ಸು, ಮುಖ ಎಂದು ಐದು ಅಂಕಣಗಳು. ನನ್ನ ಅನುಮಾನವಿದ್ದದ್ದು ನಮ್ಮ ಕೆಂಪು ಖಾರದ ಮೇಲೆ. ವಹಿ ಹೇಳಿದ್ದೇ ಬೇರೆ: ಖಾರ ಬಹುಪಾಲು ನಿರಪರಾಧಿ; ಅಪರಾಧಿಗಳು ಹಬೆಯಾಡುವ ಚಹಾ, ಮಧ್ಯಾಹ್ನದ ಬಿಸಿಲು, ಮತ್ತು ನನ್ನ ಸಿಟ್ಟು. ಇನ್ನೊಬ್ಬರ ವಹಿ ಬೇರೆಯದನ್ನೇ ಹೇಳೀತು. ಅಮೆರಿಕದ ದಾದಿಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2018ರಲ್ಲಿ, ಹೆಚ್ಚು ಕಾಫಿ ಕುಡಿಯುವವರಲ್ಲಿ ರೊಸೇಷಿಯಾ ಕಡಿಮೆಯೆಂದು ಕಂಡುಕೊಂಡಿತು. ಕಾಫಿಗೆ ಬಂದ ಕೆಟ್ಟ ಹೆಸರಿಗೆ ಅದರ ಬಿಸಿಯೇ ಕಾರಣವಿದ್ದೀತು. ಆಲೆಮನೆಯ ಕೊಪ್ಪರಿಗೆಯ ಮುಂದೆ, ರೊಟ್ಟಿಯ ಒಲೆಯ ಮುಂದೆ ಗಂಟೆಗಟ್ಟಲೆ ಮುಖವೊಡ್ಡಿ ಕೂರುವವರಿಗೆ ಶಾಖ ತಪ್ಪಿಸಿಕೋ ಎನ್ನುವುದು ಸುಲಭವಲ್ಲ, ನಿಜ. ಕೆಲಸವನ್ನು ಸರದಿಯಂತೆ ಹಂಚಿಕೊಳ್ಳುವುದು, ನಡುನಡುವೆ ತಣ್ಣೀರಿನ ಬಟ್ಟೆ ಒತ್ತಿಕೊಳ್ಳುವುದು ಸಾಧ್ಯವಿದೆ. ಅದಕ್ಕೆ ಮನೆಯ ಗಂಡಸರು ಒಲೆಯ ಮುಂದೆ ಕೂರಲು ಒಪ್ಪಬೇಕು.

ಇನ್ನು ವ್ಯವಸ್ಥೆ ಮಾಡಬೇಕಾದದ್ದು. ಸ್ಟಿರಾಯ್ಡ್ ಮುಲಾಮುಗಳ ಮಾರಾಟದ ಬಗ್ಗೆ ಔಷಧ ನಿಯಂತ್ರಣ ಇಲಾಖೆಯ ತಪಾಸಣೆ ತಾಲ್ಲೂಕು, ಹೋಬಳಿಗಳಿಗೆ ಇಳಿಯಬೇಕು. ಟ್ಯೂಬಿನ ಮೇಲಿನ ಎಚ್ಚರಿಕೆ ಕನ್ನಡದಲ್ಲಿಯೂ, ಗಡಿಭಾಗದಲ್ಲಿ ಮರಾಠಿಯಲ್ಲಿಯೂ, ಕಣ್ಣಿಗೆ ಕಾಣುವ ಅಕ್ಷರದಲ್ಲಿರಬೇಕು. 2019ರಿಂದ ನಡೆಯುತ್ತಿರುವ ಇ-ಸಂಜೀವಿನಿ ದೂರವೈದ್ಯ ಸೇವೆ ಚರ್ಮರೋಗಕ್ಕೆ ಹೇಳಿ ಮಾಡಿಸಿದಂತಿದೆ. ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರ ಮತ್ತು ನಾಲ್ಕು ಸರಿಯಾದ ಪ್ರಶ್ನೆಗಳಿದ್ದರೆ ಊರಿನ ಆರೋಗ್ಯ ಕೇಂದ್ರದಿಂದಲೇ ತಜ್ಞರ ಮೊದಲ ಸಲಹೆ ಪಡೆಯಬಹುದು. ಆಶಾ ಕಾರ್ಯಕರ್ತೆಯರಿಗೆ ಆ ನಾಲ್ಕು ಪ್ರಶ್ನೆಗಳನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು.

ಇವೆಲ್ಲಕ್ಕಿಂತ ಮೊದಲು ಓದುಗರಲ್ಲಿ ಒಂದು ಕೋರಿಕೆ. ಮುಂದೆ ಎಲ್ಲಿಯಾದರೂ ಕೆಂಪು ಮೂಗಿನವರನ್ನು, ಸುಟ್ಟಂತಹ ಕೆನ್ನೆಯವರನ್ನು ಕಂಡಾಗ 'ಮುಖಕ್ಕೇನಾಯಿತು?' ಎಂದು ಸಭೆಯ ನಡುವೆ ಕೇಳಬೇಡಿ. ನಿಮ್ಮ ಮನೆಯ ಕನ್ನಡಿಯ ಹಿಂದೆ ಯಾರೋ ಹೇಳಿ ತಂದಿಟ್ಟ ಮುಲಾಮಿನ ಟ್ಯೂಬೊಂದು ಇದ್ದೀತು. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ, ಅರ್ಥವಾಗದಿದ್ದರೆ ವೈದ್ಯರಿಗೆ ತೋರಿಸಿ. ನನ್ನ ಮೂಗು ಇಂದಿಗೂ ಕೆಂಪಾಗಿಯೇ ಇದೆ. ಬೇಸಿಗೆಯಲ್ಲಿ ತುಸು ಹೆಚ್ಚು, ಮಳೆಗಾಲದಲ್ಲಿ ತುಸು ಕಡಿಮೆ. ಚಹಾವನ್ನು ಆರಿಸಿ ಕುಡಿಯುತ್ತೇನೆ, ಛತ್ರಿಯಿಲ್ಲದೆ ಹೊರಡುವುದಿಲ್ಲ. ಸಭೆಗಳಲ್ಲಿ ಈಗ ಮುಂದಿನ ಸಾಲಿನಲ್ಲೇ ಕೂರುತ್ತೇನೆ.